ಲೆಫ್ಟಿನೆಂಟ್ ಅಳಿಯನ ಶಾಂತಿಪರ್ವ

ಕ್ಯಾಸಂಬಳ್ಳಿಯಲ್ಲಿ ಹುಟ್ಟಿದವರಿಗೆಲ್ಲ ಒಂದು ಜಂಬ ಇರುತ್ತದೆ. ಅದನ್ನು ಮೊದಲೇ ಹೇಳಿ ಮುಗಿಸಿಬಿಡುತ್ತೇನೆ. 1947ರ ಅಕ್ಟೋಬರಿನಲ್ಲಿ ಮೈಸೂರು ರಾಜ್ಯದ ಮೊಟ್ಟಮೊದಲ ಮುಖ್ಯಮಂತ್ರಿಯಾದ ಚೆಂಗಲರಾಯ ರೆಡ್ಡಿಯವರು ನಮ್ಮೂರಿನವರು. ಕೆ.ಸಿ. ರೆಡ್ಡಿ ಅನ್ನುವಾಗ ಮುಂದೆ ಬರುವ ಆ ‘ಕೆ’ ನಾವೇ. ಬೆಂಗಳೂರಿನವರು ಯಾರಾದರೂ ‘ಕ್ಯಾಸಂಬಳ್ಳೀನಾ, ಅದೆಲ್ಲಿ ಬರುತ್ತೆ?’ ಅಂದರೆ ‘ವಿಧಾನಸೌಧದ ಕಲ್ಲಿನ ಮೇಲೆಲ್ಲ ಹೆಸರು ಓದಿಕೊಂಡು ಬಾ ಹೋಗಪ್ಪ’ ಅಂತ ಕಳಿಸುತ್ತೇವೆ. ಇಷ್ಟು ಹಳೇ ಜಂಬ ಎಷ್ಟು ದಿನ ಬಾಳುತ್ತದೆ? ಹೊಸದೊಂದು ಬೇಕಾಗಿತ್ತು, ಈಗ ಸಿಕ್ಕಿದೆ. ನಮ್ಮಕ್ಕನ ಮಗ ಸೈನ್ಯದಲ್ಲಿ ಲೆಫ್ಟಿನೆಂಟ್ ಆಗಿದ್ದಾನೆ.

ಆಗಿದ್ದಾನೇನೋ ಸರಿ. ಲೆಫ್ಟಿನೆಂಟ್ ಅಂದರೆ ಎಷ್ಟು ಎತ್ತರದ ಪ್ರಾಣಿ ಅನ್ನುವುದನ್ನು ಊರಿಗೆ ಅರ್ಥ ಮಾಡಿಸುವುದರೊಳಗೆ ನನ್ನ ಗಂಟಲ ಪಸೆ ಆರಿತು. ಕೊಡಗಿನಲ್ಲಾದರೆ ಈ ಕಷ್ಟ ಇಲ್ಲ. ಕಾರಿಯಪ್ಪ, ತಿಮ್ಮಯ್ಯನವರ ಸೀಮೆ ಅದು; ತೊಟ್ಟಿಲ ಕೂಸಿಗೂ ಮೇಜರ್ ಯಾರು, ಬ್ರಿಗೇಡಿಯರ್ ಯಾರು ಗೊತ್ತಿರುತ್ತದೆ. ನಮ್ಮ ಕಡೆ ಅಳತೆಗೋಲು ಒಂದೇ: ಪೊಲೀಸ್ ಠಾಣೆ. ಹುಡುಗ ಯೂನಿಫಾರಂ ಹಾಕಿಕೊಂಡು ತೆಗೆಸಿದ ಫೋಟೋ ಕೈಯಿಂದ ಕೈಗೆ ದಾಟಿ ಅರಳಿಕಟ್ಟೆಗೆ ಬಂತು. ಒಬ್ಬರು ಕನ್ನಡಕ ಏರಿಸಿ ಹೆಗಲ ಮೇಲಿನ ಸ್ಟಾರು ಎಣಿಸಿದರು. ಎರಡು. ‘ಓ, ಪಿಎಸ್‌ಐ!’ ಅಂದರು. ಅಲ್ಲ ಸ್ವಾಮಿ, ಅದು ಬೇರೆ ಇದು ಬೇರೆ ಅಂದೆ. ‘ಎರಡೇ ಅಲ್ವಾ? ಮತ್ತೆ ಸ್ಟೇಷನ್ ಯಾವುದು?’ ‘ಪೀಸ್ ಸ್ಟೇಷನ್’ ಅಂದ ನಮ್ಮ ಹುಡುಗ, ಪಾಪ, ಪ್ರಾಮಾಣಿಕವಾಗಿ. ಹೊಡೆದಾಟವಿಲ್ಲದ ಕಡೆಯ ನೆಲೆಗೆ ಸೈನ್ಯದವರು ಹಾಗನ್ನುತ್ತಾರೆ. ಅಂಥದ್ದೊಂದು ಪೊಲೀಸ್ ಠಾಣೆ ಉತ್ತರ ಭಾರತದಲ್ಲಿ ಎಲ್ಲೋ ಇದೆ ಅಂತ ಊರಿನ ಅರ್ಧ ಜನ ಇವತ್ತಿಗೂ ನಂಬಿದ್ದಾರೆ.

ಪೇಪರ್ ಓದುವವರದು ಇನ್ನೊಂದು ಪೇಚು. ದಿಲ್ಲಿಯಲ್ಲಿ ಮುಖ್ಯಮಂತ್ರಿಯನ್ನೇ ಆಟ ಆಡಿಸೋನು ಲೆಫ್ಟಿನೆಂಟ್ ಗವರ್ನರು, ಹಾಗಿದ್ದ ಮೇಲೆ ನಮ್ಮ ಹುಡುಗನ ಕೈಯಲ್ಲೂ ಕನಿಷ್ಠ ಒಂದು ಜಿಲ್ಲೆ ಇರಬೇಕು ಅಂತ ಅವರ ಲೆಕ್ಕ. ಕ್ರಿಕೆಟ್ ನೋಡುವ ಹುಡುಗರಂತೂ ಮುಖಕ್ಕೇ ಕೇಳಿದರು: ‘ಅಣ್ಣಾ, ಧೋನಿ ಲೆಫ್ಟಿನೆಂಟ್ ಕರ್ನಲ್ಲು. ನೀನು ಬರೀ ಲೆಫ್ಟಿನೆಂಟಾ?’ ಧೋನಿಗೆ 2011ರಲ್ಲಿ ಟೆರಿಟೋರಿಯಲ್ ಆರ್ಮಿ ಗೌರವಕ್ಕೆಂದು ಕೊಟ್ಟ ಪದವಿ ಅದು. ನಮ್ಮವನು ಆ ‘ಕರ್ನಲ್’ ಅನ್ನುವ ಬಾಲ ಸಂಪಾದಿಸಬೇಕಾದರೆ ಎರಡು ವರ್ಷಕ್ಕೆ ಕ್ಯಾಪ್ಟನ್, ಆರಕ್ಕೆ ಮೇಜರ್ ಆಗಿ, ಹದಿಮೂರು ವರ್ಷ ಸೇವೆ ತುಂಬಿಸಬೇಕು. ಅಷ್ಟು ಹೊತ್ತಿಗೆ ಈ ಹುಡುಗರ ಮಕ್ಕಳು ಇನ್ಯಾವ ಆಟಗಾರನನ್ನು ತೋರಿಸಿ ಹಂಗಿಸುತ್ತಾರೋ.

ಯಾರೂ ಅವನನ್ನು ಹಿಡಿದು ಸೈನ್ಯಕ್ಕೆ ಸೇರಿಸಿದ್ದಲ್ಲ. ನಮ್ಮ ದೇಶದಲ್ಲಿ ಆ ಪದ್ಧತಿಯೇ ಇಲ್ಲ. ಇರುವವರೆಲ್ಲ ತಾವಾಗಿ ಅರ್ಜಿ ಹಾಕಿ ಬಂದವರು. ನಮ್ಮಕ್ಕನ ಸಂಕಟವೂ ಅದೇ. ‘ಯಾರಾದ್ರೂ ಕರೆದಿದ್ರಾ ನಿನ್ನ? ಕರೆದಿದ್ರಾ?’ ಅಂತ ಇವತ್ತಿಗೂ ಮುದ್ದೆ ಕಟ್ಟುತ್ತಾ ಕೇಳುತ್ತಾಳೆ. ಅವನ ಜೊತೆಗೆ ಓದಿದವರೆಲ್ಲ ಬೆಳಗಿನ ಜಾವ ಮಾರಿಕುಪ್ಪಂ ರೈಲು ಹತ್ತಿ, ಬಂಗಾರಪೇಟೆ ದಾಟುವುದರೊಳಗೆ ಇನ್ನೊಂದು ನಿದ್ದೆ ಮುಗಿಸಿ, ಬೆಂಗಳೂರಿನಲ್ಲಿ ದುಡಿದು, ರಾತ್ರಿ ಮನೆಗೆ ಬಂದು ಊಟ ಮಾಡುವ ಸಭ್ಯಸ್ಥರು. ಇವನು ಮಾತ್ರ ಅದೇ ರೈಲಿನಲ್ಲಿ ಹೋಗಿ ಕಬ್ಬನ್ ರಸ್ತೆಯ ಸೆಲೆಕ್ಷನ್ ಸೆಂಟರಿನಲ್ಲಿ ಐದು ದಿನ ಕೂತ. ಅಲ್ಲಿ ಮಬ್ಬುಮಬ್ಬಾದ ಚಿತ್ರ ತೋರಿಸಿ ನಾಲ್ಕು ನಿಮಿಷದಲ್ಲಿ ಕಥೆ ಬರಿ ಅನ್ನುತ್ತಾರಂತೆ. ಚಿತ್ರದಲ್ಲಿ ಯಾರೋ ಗೋಡೆಗೊರಗಿ ಸುಮ್ಮನೆ ಕೂತಿದ್ದರೂ ಅವನು ಊರಿಗೆ ನೀರು ತರುವ ಯೋಜನೆ ಹಾಕುತ್ತಿದ್ದಾನೆ ಅಂತ ಬರೆದವನೇ ಪಾಸು. ಕೋಲಾರ ಜಿಲ್ಲೆಯವನಿಗೆ ನೀರಿನ ಕಥೆ ಹೇಳಿಕೊಡಬೇಕೆ? ಆಮೇಲೆ ಚೆನ್ನೈನ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿಯಲ್ಲಿ 49 ವಾರ ಉರುಳಾಡಿಸಿ, ಕೆಸರಲ್ಲಿ ಅದ್ದಿ, ಬಿಸಿಲಲ್ಲಿ ಒಣಗಿಸಿ, ಹೆಗಲಿಗೆ ಎರಡು ಸ್ಟಾರು ಸಿಕ್ಕಿಸಿ ಕಳಿಸಿದರು.

ಇಷ್ಟೆಲ್ಲ ಆಗಿ ಮೊದಲ ರಜೆಗೆ ಬಂದವನನ್ನು ಅರಳಿಕಟ್ಟೆ ಬಿಟ್ಟೀತೇ? ನಮ್ಮೂರ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಕುತೂಹಲ ಮಾತ್ರ ಎರಡರಲ್ಲೂ ಪೂರ್ತಿ. ‘ಏನಪ್ಪೋ ಮಿಲಿಟ್ರಿ, ಎಷ್ಟು ಜನರನ್ನ ಉಡಾಯಿಸ್ದೆ?’ ಅಂತ ನೇರವಾಗಿ ಕೇಳಿದರು ಒಬ್ಬ ಹಿರಿಯರು.

‘ಯಾರನ್ನೂ ಇಲ್ಲ ತಾತ. ಪೀಸ್ ಸ್ಟೇಷನ್ನು.’

‘ಬಂದೂಕನಾದ್ರೂ ಕೊಟ್ಟವ್ರಾ?’

‘ಕೊಟ್ಟವ್ರೆ. ಸಾಯಂಕಾಲ ಎಣಿಸಿ ವಾಪಸ್ ಇಸ್ಕೋತಾರೆ.’

ಕಟ್ಟೆಯ ಮೇಲೆ ಒಂದು ನಿಟ್ಟುಸಿರು ಹಾದುಹೋಯಿತು. ಬಂದೂಕು ಎಣಿಸಿ ಕೊಟ್ಟು ಎಣಿಸಿ ಇಸ್ಕೊಳ್ಳೋ ಸೈನ್ಯ ಅವರಿಗೆ ಬೇಕಾಗಿರಲಿಲ್ಲ.

ಆಮೇಲೆ ಮನೆಯಲ್ಲಿ, ನಾನೊಬ್ಬನೇ ಇದ್ದಾಗ, ಅವನು ತನ್ನ ಈವರೆಗಿನ ಅತಿ ದೊಡ್ಡ ಕಾರ್ಯಾಚರಣೆಯ ಕಥೆ ಹೇಳಿದ. ಪಲ್ಟನ್ನಿನ ಹುಡುಗರನ್ನು ಗುಂಡು ಹೊಡೆಯುವ ಅಭ್ಯಾಸಕ್ಕೆ ಕರೆದುಕೊಂಡು ಹೋಗಿದ್ದನಂತೆ. ಎಷ್ಟು ಗುಂಡು ಕೊಟ್ಟಿದ್ದಾರೋ ಅಷ್ಟೇ ಖಾಲಿ ಕೊಳವೆ ಲೆಕ್ಕ ಒಪ್ಪಿಸಬೇಕು. ಅದಕ್ಕೆ ಅವರು ಖೋಖಾ ಅನ್ನುತ್ತಾರೆ. ಕಿರುಬೆರಳಷ್ಟು ಹಿತ್ತಾಳೆ ಚೂರು. ಮಧ್ಯಾಹ್ನದ ಹೊತ್ತಿಗೆ ಫೈರಿಂಗ್ ಮುಗಿಯಿತು, ಎಣಿಸಿದರು, ಒಂದು ಕಡಿಮೆ. ಮತ್ತೆ ಎಣಿಸಿದರು, ಮತ್ತೆ ಒಂದು ಕಡಿಮೆ. ಮೊಣಕಾಲುದ್ದ ಹುಲ್ಲು. ಸಾಲಾಗಿ ಎಲ್ಲರೂ ಬಗ್ಗಿ ಹುಲ್ಲು ಬಿಡಿಸುತ್ತಾ ಈ ತುದಿಯಿಂದ ಆ ತುದಿಗೆ ಹೋದರು, ಆ ತುದಿಯಿಂದ ಈ ತುದಿಗೆ ಬಂದರು. ಜೇಬು ಕೊಡವಿಸಿದರು, ಬೂಟು ಬಿಚ್ಚಿಸಿದರು. ಇವನ ತಲೆಯೊಳಗೆ ಆಗಲೇ ವಿಚಾರಣೆ ನಡೆದು, ಸಾಕ್ಷಿ ಮುಗಿದು, ತೀರ್ಪೂ ಬಂದಾಗಿತ್ತು. ಸುಬೇದಾರ್ ಸಾಹೇಬರು ಮಾತ್ರ ಒಂದು ಮರದಡಿ ನಿಂತು ಮೀಸೆ ತೀಡುತ್ತಿದ್ದರು. ಇವನು ಹುಟ್ಟುವ ಮೊದಲೇ ಸೈನ್ಯಕ್ಕೆ ಸೇರಿದವರು ಅವರು. ಇವನಿಗೆ ಸೆಲ್ಯೂಟ್ ಹೊಡೆಯುತ್ತಾರೆ, ಇವನು ಅವರಿಗೆ ‘ಸಾಬ್’ ಅನ್ನುತ್ತಾನೆ. ಯಾರ ಮಾತು ಯಾರು ಕೇಳುತ್ತಾರೆ ಅನ್ನುವುದು ಇಬ್ಬರಿಗೂ ಗೊತ್ತು. ಹೊತ್ತು ಮುಳುಗುವ ವೇಳೆಗೆ ಸಾಹೇಬರು ನಿಧಾನವಾಗಿ ಬಂದು, ‘ಸರ್, ಒಂದು ಸಲ ನಿಮ್ಮ ಪ್ಯಾಂಟಿನ ಮಡಿಕೆ ನೋಡಿಕೊಳ್ಳಿ’ ಅಂದರು. ಖೋಖಾ ಅಲ್ಲಿತ್ತು. ಪಕ್ಕದವನ ರೈಫಲ್ಲಿನಿಂದ ಹಾರಿ ಬಂದು ಇವನ ಬೂಟಿನ ಮೇಲಿನ ಮಡಿಕೆಯಲ್ಲಿ ಮಧ್ಯಾಹ್ನದಿಂದ ಬೆಚ್ಚಗೆ ಕೂತಿತ್ತು.

‘ಸಾಹೇಬರಿಗೆ ಮೊದಲೇ ಗೊತ್ತಿತ್ತೇನೋ?’ ಅಂದೆ.

‘ಗೊತ್ತಿತ್ತು ಮಾವ. ಹುಡುಗರಿಗೆ ಸಾಯಂಕಾಲದ ಆಟ ತಪ್ಪಿತ್ತು, ಅದಕ್ಕೆ ಬದಲು ವ್ಯಾಯಾಮ ಆಗಲಿ ಅಂತ ಬಿಟ್ಟರಂತೆ.’

ನಾನೂ ಕಚೇರಿಯಲ್ಲಿ ರಿಜಿಸ್ಟರು ಬರೆದೇ ರಿಟೈರಾದವನು. ಅದಕ್ಕೇ ಅವನ ಉಳಿದ ಕೆಲಸಗಳ ವಿವರ ಕೇಳಿ ನನಗೆ ಕರುಳು ಚುರುಕ್ ಅಂದಿತು. ಬೆಳಗ್ಗೆ ಹುಡುಗರ ಜೊತೆ ಓಟ. ಆಮೇಲೆ ಹರಿದ ಕಂಬಳಿ ಲೆಕ್ಕ. ಹರಿದ ಕಂಬಳಿಯನ್ನು ಸೈನ್ಯ ಸುಮ್ಮನೆ ಎಸೆಯುವುದಿಲ್ಲ. ಮೂವರು ಅಧಿಕಾರಿಗಳ ಬೋರ್ಡು ಕೂತು, ಇದು ಹರಿದದ್ದು ಹೌದು, ತಾನಾಗಿ ಹರಿದದ್ದೇ ಹೊರತು ಯಾರೂ ಹರಿದದ್ದಲ್ಲ ಅಂತ ಬರೆದು ರುಜು ಹಾಕಬೇಕು. ಮೂವರಲ್ಲಿ ಇಬ್ಬರು ದೊಡ್ಡವರಿಗೆ ಬೇರೆ ಕೆಲಸ ಇರುತ್ತದೆ; ಕಂಬಳಿ ಬಿಡಿಸಿ ನೋಡಿ ಸೀನುವವನು ಲೆಫ್ಟಿನೆಂಟ್. ರಾತ್ರಿ ಡ್ಯೂಟಿ ಇದ್ದರೆ ಎರಡು ಗಂಟೆಗೆ ಎದ್ದು ಕ್ವಾರ್ಟರ್ ಗಾರ್ಡಿನ ಪಹರೆಯವನು ಎಚ್ಚರವಾಗಿದ್ದಾನೋ ನೋಡಿ ಬರಬೇಕು. ಅವನು ಎಚ್ಚರವಾಗಿಯೇ ಇರುತ್ತಾನೆ, ಯಾಕೆಂದರೆ ಲೆಫ್ಟಿನೆಂಟ್ ಸಾಬ್ ಬರುತ್ತಾರೆ ಅಂತ ಅವನಿಗೆ ಗೊತ್ತು. ಲೆಫ್ಟಿನೆಂಟ್ ಎಚ್ಚರವಾಗಿರುತ್ತಾನೆ, ಯಾಕೆಂದರೆ ಅವನು ಎಚ್ಚರವಾಗಿದ್ದಾನೋ ನೋಡಬೇಕು. ದೊಡ್ಡ ಸಾಹೇಬರು ತಪಾಸಣೆಗೆ ಬರುತ್ತಾರೆ ಅಂದರೆ ದಾರಿಯ ಕಲ್ಲಿಗೆಲ್ಲ ಸುಣ್ಣ, ಕೆಮ್ಮಣ್ಣು. ಮರದ ಬುಡಕ್ಕೂ ಅದೇ. ಫುಟ್‌ಬಾಲ್ ಟೀಮು ಸೋತರೆ ಉತ್ತರ ಹೇಳುವವನು ಅವನು, ಮೆಸ್ಸಿನಲ್ಲಿ ಸೂಪು ತಣ್ಣಗಾದರೆ ಬೈಸಿಕೊಳ್ಳುವವನೂ ಅವನೇ. ಪಲ್ಟನ್ನಿನ ಹೆಂಗಸರ ಕೂಟದಲ್ಲಿ ತಂಬೋಲಾದ ನಂಬರು ಕೂಗಿದ್ದಾನೆ. ‘ಧ್ವನಿ ಚೆನ್ನಾಗಿದೆ ಅಂದ್ರು ಮಾವ’ ಅಂದ. ಅಕಾಡೆಮಿಯ 49 ವಾರ ವ್ಯರ್ಥವಾಗಲಿಲ್ಲ.

ಮೆಸ್ಸಿನ ವಿಚಾರ ಬಂತು, ಹೇಳಿಯೇ ಮುಂದೆ ಹೋಗುತ್ತೇನೆ. ಕೆಲವು ರಾತ್ರಿ ಅಲ್ಲಿ ದೊಡ್ಡೂಟ ಇರುತ್ತದೆ. ಎಲ್ಲರೂ ಕಟ್ಟುನಿಟ್ಟಾದ ಅಂಗಿ ತೊಟ್ಟು ಉದ್ದನೆಯ ಮೇಜಿಗೆ ಕೂರಬೇಕು. ಬಡಿಸುವುದು ಹಿರಿಯರಿಂದ ಶುರು, ಮುಗಿಯುವುದು ಕಟ್ಟಕಡೆಯ ಲೆಫ್ಟಿನೆಂಟಿನ ಹತ್ತಿರ. ಕರ್ನಲ್ ಸಾಹೇಬರು ಚಮಚ ಕೆಳಗಿಟ್ಟರೋ, ಎಲ್ಲರ ತಟ್ಟೆಯೂ ಎತ್ತಿದರು ಅಂತ ಲೆಕ್ಕ. ಇವನ ಜೊತೆಯವರು ಎಷ್ಟೋ ಜನ ಎರಡು ತುತ್ತಿಗೇ ತಟ್ಟೆ ಕಳೆದುಕೊಂಡು, ಹೊರಗೆ ಬಂದು ಬಿಸ್ಕತ್ತು ತಿಂದು ಮಲಗುತ್ತಾರಂತೆ. ನಮ್ಮವನು ಮಾತ್ರ ಒಂದು ಸಲವೂ ಹಸಿದು ಎದ್ದಿಲ್ಲ. ಹುಟ್ಟಿದಾಗಿನಿಂದ ಮುದ್ದೆ ಜಗಿಯದೆ ನುಂಗಿದ ಗಂಟಲು ಅದು. ಕೋಳಿಯನ್ನೂ ಹಾಗೇ ಇಳಿಸಿದನಂತೆ. ಎದುರಿಗೆ ಕೂತ ಮೇಜರ್ ಸಾಹೇಬರ ಹೆಂಡತಿ ಗಾಬರಿಯಾಗಿ ನೀರು ಕೊಟ್ಟರಂತೆ.

ಇನ್ನೊಂದು ವಿಷಯದಲ್ಲೂ ನಮ್ಮ ಸೀಮೆ ಅವನ ಕೈ ಹಿಡಿಯಿತು. ಸೈನ್ಯದಲ್ಲಿ ಹೊಸ ಅಧಿಕಾರಿ ಮೊದಮೊದಲು ಹುಡುಗರ ಜೊತೆ ಬ್ಯಾರಕ್ಕಿನಲ್ಲೇ ಇದ್ದು, ಅವರ ಊಟ ಉಂಡು, ಅವರ ಭಾಷೆ ಕಲಿಯಬೇಕು. ಇವನ ಪಲ್ಟನ್ ಪಂಜಾಬಿನ ಹುಡುಗರದು. ಬೇರೆಯವರು ತಿಂಗಳುಗಟ್ಟಲೆ ಒದ್ದಾಡುವಾಗ ಇವನು ಬೇಗ ಕಲಿತುಬಿಟ್ಟ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಕೆ.ಜಿ.ಎಫ್. ಬಸ್ಸು ಹತ್ತಿದರೆ ತಮಿಳು, ಬಂಗಾರಪೇಟೆಯ ಪೇಟೆಬೀದಿಯಲ್ಲಿ ಉರ್ದು. ಇಷ್ಟರ ಮೇಲೆ ಪಂಜಾಬಿ ಏನು ಮಹಾ! ಆದರೆ ಅವನ ಪಂಜಾಬಿ ಕೇಳಿದ ಹುಡುಗರೆಲ್ಲ ಮೊದಮೊದಲು ನಗು ತಡೆಯಲಾರದೆ ಅಟೆನ್ಷನ್ನಿನಲ್ಲಿ ನಡುಗುತ್ತಿದ್ದರಂತೆ. ತೆಲುಗಿನ ರಾಗದಲ್ಲಿ ಪಂಜಾಬಿ ಅವರಿಗೆ ಅದೇ ಮೊದಲು.

ಈಗ ನೀವು, ಕಂಬಳಿ ಎಣಿಸೋಕೆ ಇಷ್ಟೆಲ್ಲ ಯಾಕೆ, ಯುದ್ಧವಿಲ್ಲದಾಗ ಲೆಫ್ಟಿನೆಂಟಿನಿಂದ ಏನು ಪ್ರಯೋಜನ ಅಂತ ಕೇಳಬಹುದು. ಅರಳಿಕಟ್ಟೆಯಲ್ಲೂ ಕೇಳಿದರು. ಆ ಮಾತನ್ನು ಬೇರೆ ಊರಿನವರು ಆಡಿದರೆ ಸಹಿಸಬಹುದು, ನಮ್ಮ ಸೀಮೆಯವರು ಆಡಬಾರದು. ನಮಗೆ ಚಿನ್ನ ತೋರಿಸಿದ್ದೇ ಮಾಡಲು ಯುದ್ಧವಿಲ್ಲದ ಒಬ್ಬ ಲೆಫ್ಟಿನೆಂಟು.

ಹೆಸರು ಜಾನ್ ವಾರೆನ್. ಹುಟ್ಟಿದ್ದು ಫ್ರಾನ್ಸಿನ ದೊಡ್ಡ ಮನೆತನದಲ್ಲಿ, ಕೆಲಸ ಇಂಗ್ಲಿಷರ 33ನೇ ಕಾಲಾಳು ರೆಜಿಮೆಂಟಿನಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ತೀರಿಕೊಂಡ ಮೇಲೆ ಮೈಸೂರಿನಲ್ಲಿ ಹೊಡೆದಾಟ ನಿಂತಿತು. ಹೊಡೆದಾಟ ನಿಂತ ಮೇಲೆ ಲೆಫ್ಟಿನೆಂಟಿಗೆ ಏನು ಕೊಡುತ್ತಾರೆ? ಅಳೆಯುವ ಕೆಲಸ ಕೊಟ್ಟರು. ಮೈಸೂರಿನ ಮೂಡಣ ಗಡಿ ಗುರುತು ಮಾಡಿಕೊಂಡು ಬಾ ಅಂತ 1802ರಲ್ಲಿ ನಮ್ಮ ಕಡೆಗೆ ಅಟ್ಟಿದರು. ಇವತ್ತು ಆಂಧ್ರಕ್ಕೂ ನಮಗೂ ನಡುವೆ ಇರುವ ಗಡಿಯ ಆಸುಪಾಸಿನ ಕಥೆ. ಕಲ್ಲು ನೆಟ್ಟು ನೆಟ್ಟು ಬೇಸತ್ತವನ ಕಿವಿಗೆ ಇಲ್ಲಿಯ ಮಣ್ಣಿನಲ್ಲಿ ಚಿನ್ನ ಇದೆ ಅನ್ನುವ ಸುದ್ದಿ ಬಿತ್ತು. ತೋರಿಸಿದವರಿಗೆ ಇನಾಮು ಅಂತ ಸಾರಿಸಿದ. ಊರಿಗಾಂ ಕಡೆಯವರು ಎತ್ತಿನ ಗಾಡಿಯಲ್ಲಿ ಮಣ್ಣು ಹೇರಿಕೊಂಡು ಬಂದು, ಅವನ ಕಣ್ಣೆದುರೇ ತೊಳೆದು, ಬುಡದಲ್ಲಿ ಮಿನುಗಿದ ಚೂರು ತೋರಿಸಿದರು. ಗಡಿ ಗುರುತು ಮಾಡು ಅಂದರೆ ಗಾಡಿಗಟ್ಟಲೆ ಮಣ್ಣು ತೊಳೆಸುತ್ತಾ ಕೂತನಲ್ಲ ಅಂತ ಮೇಲಿನವರು ಏನೆಂದರೋ, ವಾರೆನ್ ಮಾತ್ರ ಚೊಕ್ಕವಾಗಿ ವರದಿ ಬರೆದಿಟ್ಟ. ಮುಂದೆ ಇದೇ ಮನುಷ್ಯ ಮದರಾಸಿನ ನಕ್ಷತ್ರಶಾಲೆ ನೋಡಿಕೊಂಡು, 1825ರಲ್ಲಿ ‘ಕಾಲಸಂಕಲಿತ’ ಅಂತ ನಮ್ಮ ಪಂಚಾಂಗದ ಲೆಕ್ಕಾಚಾರದ ಮೇಲೆ ದಪ್ಪನೆಯ ಪುಸ್ತಕ ಬರೆದ. ಯುದ್ಧ ಇಲ್ಲದಿದ್ದರೆ ಲೆಫ್ಟಿನೆಂಟ್‌ಗಳು ಎಲ್ಲಿಗೆ ಹೋಗಿ ಮುಟ್ಟುತ್ತಾರೆ ಹೇಳಲಾಗದು. ನಮ್ಮ ಅಳಿಯನೂ ಹೀಗೇ ಎರಡು ಪೀಸ್ ಸ್ಟೇಷನ್ ಮುಗಿಸಿದರೆ ಏಕಾದಶಿ ಎಂದು ಅಂತ ಅವನನ್ನೇ ಕೇಳಬಹುದು.

ವಾರೆನ್ನನ ವರದಿ ಎಪ್ಪತ್ತು ವರ್ಷ ದೂಳು ತಿಂದಿತು. 1871ರಲ್ಲಿ ಅದನ್ನು ಓದಿ ಎದ್ದು ಕೂತವನೂ ಸಿಪಾಯಿಯೇ: ನ್ಯೂಜಿಲೆಂಡಿನಲ್ಲಿ ಮಾವೋರಿಗಳ ವಿರುದ್ಧ ಕಾದಾಡಿ ಬಂದು, ರಿಟೈರಾಗಿ, ಬೆಂಗಳೂರು ದಂಡಿನಲ್ಲಿ ಹೊತ್ತು ಹೋಗದೆ ಕೂತಿದ್ದ ಐರಿಷ್ ಲ್ಯಾವೆಲ್. ಎತ್ತಿನ ಗಾಡಿ ಕಟ್ಟಿಸಿಕೊಂಡು ಬಂದ, ಅಗೆದ, 1875ರಲ್ಲಿ ಪರವಾನಗಿಯನ್ನೂ ಪಡೆದ, ದುಡ್ಡು ಸಾಲದೆ ಬಿಟ್ಟ. ಅವನ ಕೈಯಿಂದ ಕೊಂಡವರು ಮದರಾಸು ಸೈನ್ಯದ ದೊಡ್ಡ ಅಧಿಕಾರಿಗಳು. 1880ರಲ್ಲಿ ಜಾನ್ ಟೇಲರ್ ಕಂಪನಿ ಬರುವ ತನಕ ಈ ವ್ಯವಹಾರವೆಲ್ಲ ಕೆಲಸವಿಲ್ಲದ ಮಿಲಿಟರಿಯವರದೇ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಕೆಳಗೆ ಇಳಿಯಿತು, ದೇಶದ ಬಹುಪಾಲು ಚಿನ್ನ ಇಲ್ಲಿಂದ ಹೋಯಿತು, 2001ರ ಫೆಬ್ರವರಿಯಲ್ಲಿ ಗಣಿಗೆ ಬೀಗ ಬಿತ್ತು. ಲ್ಯಾವೆಲ್ಲನಿಗೆ ಬೆಂಗಳೂರಿನಲ್ಲಿ ದುಬಾರಿ ರಸ್ತೆಯೊಂದು ಸಿಕ್ಕಿತು. ನಮಗೆ ಸಯನೈಡ್ ಮಣ್ಣಿನ ಗುಡ್ಡ ಸಿಕ್ಕಿತು. ಪಾಪದ ವಾರೆನ್ನನಿಗೆ ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಟೀ ಅಂಗಡಿಯೂ ಇಲ್ಲ.

ಕೆ.ಜಿ.ಎಫ್.ಗೆ ತನ್ನದೇ ಒಂದು ಪಲ್ಟನ್ ಕೂಡ ಇತ್ತು ಅಂದರೆ ಇವತ್ತಿನ ಹುಡುಗರು ನಂಬುವುದಿಲ್ಲ, ಸಿನಿಮಾದ್ದು ಅಂದುಕೊಳ್ಳುತ್ತಾರೆ. ಕೋಲಾರ್ ಗೋಲ್ಡ್ ಫೀಲ್ಡ್ಸ್ ಬೆಟಾಲಿಯನ್ ಅಂತ. 1920ರ ಕಾಯ್ದೆಯ ಪ್ರಕಾರ ಆಕ್ಸಿಲಿಯರಿ ಫೋರ್ಸಿಗೆ ಸೇರಿದ ಹವ್ಯಾಸಿ ಪಡೆ. ಸೇರುವವರು ಯುರೋಪಿಯನ್ನರೋ ಆಂಗ್ಲೋ ಇಂಡಿಯನ್ನರೋ ಆಗಿರಬೇಕು. ಗಣಿಯ ಕೆಲಸ ಮುಗಿಸಿ ಖಾಕಿ ಏರಿಸಿ ಕವಾಯತು. ಎಲ್ಲಿಯೂ ಯುದ್ಧಕ್ಕೆ ಹೋಗುವ ಪಡೆ ಅಲ್ಲ ಅದು. ಒಳಗಿನ ಗಲಾಟೆ ಹತ್ತಿಕ್ಕಲು ಇದ್ದದ್ದು. ಒಳಗಿನವರು ಅಂದರೆ ಯಾರು? ಕೇಜಿನಲ್ಲಿ ಪಾತಾಳಕ್ಕೆ ಇಳಿಯುತ್ತಿದ್ದ ಕೂಲಿಯವರು, ಅಂದರೆ ನಾವೇ. ಇದನ್ನು ನೆನೆದಾಗ ಮಾತ್ರ ನನ್ನ ಹರಟೆಗೆ ಸ್ವಲ್ಪ ಹುಳಿ ಬೀಳುತ್ತದೆ. 1947ಕ್ಕೆ ಆ ಪಡೆ ಹೋಯಿತು. 1949ರ ಅಕ್ಟೋಬರಿನಲ್ಲಿ ರಾಜಾಜಿಯವರು ಟೆರಿಟೋರಿಯಲ್ ಆರ್ಮಿ ಉದ್ಘಾಟಿಸಿದರು. ಅದರಲ್ಲಿ ಬಣ್ಣ ಕೇಳುವುದಿಲ್ಲ, ನಿನಗೊಂದು ಸ್ವಂತ ಉದ್ಯೋಗ ಇದೆಯೇ ಅಂತ ಕೇಳುತ್ತಾರೆ. ಇದನ್ನು ಕೇಳಿದ ನಮ್ಮ ಭಾವನವರು, ‘ನೋಡು, ಉದ್ಯೋಗವೂ ಇಟ್ಟುಕೊಂಡು ಸೈನ್ಯಕ್ಕೂ ಹೋಗಬಹುದಿತ್ತು’ ಅಂತ ಮಗನಿಗೆ ಇನ್ನೊಂದು ಸುತ್ತು ಶುರು ಮಾಡಿದರು.

ಹುಡುಗನ ರಜೆ ಹೇಗೆ ಕಳೆಯಿತು ಅಂತ ಕೇಳಬೇಡಿ. ವರ್ಷಕ್ಕೆ ಅರವತ್ತು ದಿನ ಕೊಡುತ್ತಾರೆ. ಅದರಲ್ಲಿ ಮನೆಗೆ ಸಿಗುವುದು ಕಮ್ಮಿ, ಊರಿಗೆ ಹಂಚಿಹೋಗುವುದು ಜಾಸ್ತಿ. ಬೆಳಗ್ಗೆ ಬಂದವರು ಹೆಣ್ಣಿನ ಕಡೆಯವರು, ಸಾಯಂಕಾಲ ಬಂದವರು ಕ್ಯಾಂಟೀನ್ ಕಡೆಯವರು. ಹೆಣ್ಣಿನ ಕಡೆಯವರು ಮೂಲ ವೇತನ 56,100, ಅದರ ಮೇಲೆ ಮಿಲಿಟರಿ ಸೇವಾ ವೇತನ 15,500 ಎಲ್ಲ ಶ್ರದ್ಧೆಯಿಂದ ಕೇಳಿಕೊಂಡು, ‘ಬೆಂಗಳೂರಿಗೆ ಟ್ರಾನ್ಸ್‌ಫರ್ ಮಾಡಿಸ್ಕೊಂಡ್ರೆ ಹೇಳಿ ಕಳ್ಸಿ’ ಅಂತ ಎದ್ದರು. ಕ್ಯಾಂಟೀನಿನವರು ಏನನ್ನೂ ಕೇಳುವುದಿಲ್ಲ, ಪಕ್ಕದಲ್ಲಿ ಬಂದು ಕೂರುತ್ತಾರೆ, ಚಳಿ ಜಾಸ್ತಿ ಅಲ್ವಾ ಅನ್ನುತ್ತಾರೆ, ಕೆಮ್ಮುತ್ತಾರೆ, ಮಿಲಿಟರಿ ರಮ್ಮು ಕಫಕ್ಕೆ ಒಳ್ಳೇದಂತೆ ಅಂತ ಆಕಾಶಕ್ಕೆ ಹೇಳುತ್ತಾರೆ. ನಮ್ಮೂರಿನಲ್ಲಿ ಇಷ್ಟು ಜನರಿಗೆ ಕಫ ಇದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ.

ಕಡೆಗೆ ಅಕ್ಕ ತನ್ನ ಕೆಲಸ ಒಪ್ಪಿಸಿದಳು. ಪಕ್ಕದ ಹೊಲದವರು ವರ್ಷವರ್ಷ ಉಳುವಾಗ ಒಂದೊಂದು ಸಾಲು ಒಳಗೆ ಬರುತ್ತಿದ್ದಾರೆ. ಗಡಿಕಲ್ಲು ನಡೆಯುವುದಕ್ಕೆ ಕಲಿತಿದೆ. ‘ಇಡೀ ದೇಶದ ಗಡಿ ಕಾಯ್ತೀಯಂತೆ. ನಮ್ಮ ಇಪ್ಪತ್ತು ಗುಂಟೆ ಕಾಯೋಕಾಗಲ್ವಾ? ಒಂದು ದಿನ ಯೂನಿಫಾರಂ ಹಾಕ್ಕೊಂಡು ಬದುವಿನ ಮೇಲೆ ನಿಂತ್ಕೊ ಸಾಕು.’

ಹುಡುಗನ ಮುಖ ನೋಡಬೇಕಿತ್ತು. ‘ಮಾವ, ಅಲ್ಲಿ ನನ್ನ ಅರ್ಧ ಕೆಲಸ ಇದೇ’ ಅಂದ. ಜವಾನರು ರಜೆ ಕೇಳಲು ಬಂದರೆ ನೂರಕ್ಕೆ ಎಷ್ಟೋ ಜನರದು ಜಮೀನಿನ ತಕರಾರು. ತಾನು ಇಲ್ಲಿ, ದಾಯಾದಿ ಅಲ್ಲಿ, ನಡುವೆ ಬದು. ಅದಕ್ಕೆ ಸೈನ್ಯದಲ್ಲಿ ಒಂದು ಕ್ರಮ ಇದೆ: ಕಮಾಂಡಿಂಗ್ ಆಫೀಸರು ಆ ಜಿಲ್ಲೆಯ ಅಧಿಕಾರಿಗೆ ಪತ್ರ ಬರೆದು, ನಮ್ಮ ಜವಾನನ ಜಮೀನು ದಯವಿಟ್ಟು ನೋಡಿಕೊಳ್ಳಿ ಅನ್ನುತ್ತಾರೆ. ರುಜು ಅವರದು, ಬರೆಯುವವನು ಇವನು. ಕಂಡರಿಯದ ಪಂಜಾಬಿನ ಹೊಲಗಳ ಸರ್ವೆ ನಂಬರು ಇವನ ಬಾಯಲ್ಲಿವೆ. ಅಮ್ಮನ ಹೊಲದ್ದು ಗೊತ್ತಿರಲಿಲ್ಲ.

‘ಹಾಗಾದ್ರೆ ನಮಗೂ ಒಂದು ಕಾಗದ ಬರಿಸ್ಕೊಂಡು ಬಾ’ ಅಂದಳು ಅಕ್ಕ.

ರಜೆ ಮುಗಿಸಿ ಹೋದವನು ನಾಚಿಕೊಂಡು ನಾಚಿಕೊಂಡು ಕರ್ನಲ್ ಸಾಹೇಬರ ಮುಂದೆ ನಿಂತನಂತೆ. ಗಡಿ ತಕರಾರು ಸರ್, ಅಂದನಂತೆ. ಅವರು ಮ್ಯಾಪಿನಿಂದ ತಲೆ ಎತ್ತಿ, ಯಾವ ದೇಶದ ಜೊತೆ ಅಂದರಂತೆ. ಪಕ್ಕದ ಮನೆಯವರ ಜೊತೆ ಸರ್. ಸಾಹೇಬರು ಸಜ್ಜನರು. ಖಂಡಿತ ಪತ್ರ ಕಳಿಸೋಣ, ಇಂಥ ಪತ್ರ ಚೆನ್ನಾಗಿ ಬರೆಯುವವನು ನಮ್ಮಲ್ಲಿ ಒಬ್ಬ ಲೆಫ್ಟಿನೆಂಟ್ ಇದ್ದಾನಲ್ಲ, ಅವನಿಗೆ ಹೇಳು ಅಂದರಂತೆ.

ಅದರ ನಕಲು ನನ್ನ ಫೋನಿಗೆ ಬಂದಿದೆ. ಸದರಿ ಅಧಿಕಾರಿಯು ಶಿಸ್ತಿನವನೂ ಸತ್ಯವಂತನೂ ಆಗಿದ್ದು, ಹಗಲಿರುಳು ದೇಶಸೇವೆಯಲ್ಲಿ ನಿರತನಾಗಿರುವುದರಿಂದ ಖುದ್ದಾಗಿ ಹಾಜರಾಗಲು ಸಾಧ್ಯವಿರುವುದಿಲ್ಲ ಅಂತ ತನ್ನ ಬಗ್ಗೆ ತಾನೇ ಬರೆದುಕೊಂಡಿದ್ದಾನೆ. ಏನೋ ನಿರತನಾಗಿದ್ದೀಯಲ್ಲ, ಏನದು ಅಂತ ಕೇಳಿ ಮೆಸೇಜು ಹಾಕಿದೆ. ‘ಇವತ್ತು ಕಂಬಳಿ ಬೋರ್ಡು ಮಾವ, ಆಮೇಲೆ ಮಾಡ್ತೀನಿ’ ಅಂತ ಬಂತು.